ಉಗ್ರರು ಮತಪೆಟ್ಟಿಗೆಗೆ ಕೈ ಹಾಕುವುದು ಹೇಗೆ?

1980ರ ಮೇ 17ರ ರಾತ್ರಿ. ಪೆರು ದೇಶದ ಆಂಡಿಸ್ ಬೆಟ್ಟಗಳ ನಡುವೆ ಚುಸ್ಚಿ ಅನ್ನುವ ಪುಟ್ಟ ಊರು. ಬೆಳಗಾದರೆ ಮತದಾನ. ಮಿಲಿಟರಿ ಹನ್ನೆರಡು ವರ್ಷ ಆಳಿ, ಕೊನೆಗೆ ಜನರ ಕೈಗೆ ಅಧಿಕಾರ ವಾಪಸ್ ಕೊಡಲು ಒಪ್ಪಿ ನಡೆಸುತ್ತಿದ್ದ ಚುನಾವಣೆ ಅದು. ಆ ರಾತ್ರಿ ಮುಖ ಮುಚ್ಚಿಕೊಂಡ ಕೆಲವರು ಚುನಾವಣಾ ಕಚೇರಿಗೆ ನುಗ್ಗಿದರು. ಅಲ್ಲಿದ್ದ ನೌಕರನನ್ನು ಕಟ್ಟಿಹಾಕಿದರು. ಮತಪೆಟ್ಟಿಗೆ, ಮತದಾರರ ಪಟ್ಟಿ ಎಲ್ಲವನ್ನೂ ಎತ್ತಿಕೊಂಡು ಹೋಗಿ ಬೆಂಕಿ ಹಚ್ಚಿದರು.

ಬೆಳಿಗ್ಗೆ ಬೇರೆ ಪೆಟ್ಟಿಗೆ ಬಂತು, ಮತದಾನ ನಡೆಯಿತು. ದೇಶದ ಗಮನ ಅತ್ತ ಹೋಗಲೇ ಇಲ್ಲ. ಆದರೆ ‘ಶೈನಿಂಗ್ ಪಾತ್’ ಎಂಬ ಮಾವೋವಾದಿ ಗುಂಪಿನ ಸಶಸ್ತ್ರ ಹೋರಾಟ ಶುರುವಾದದ್ದೇ ಅಲ್ಲಿಂದ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸುಮಾರು 69,000 ಜನ ಸತ್ತರು ಇಲ್ಲವೇ ಕಾಣೆಯಾದರು ಎಂದು ಪೆರುವಿನ ಸತ್ಯಶೋಧನಾ ಆಯೋಗ 2003ರಲ್ಲಿ ಅಂದಾಜು ಮಾಡಿತು. ಗುಂಪೂ ಕೊಂದಿತು, ಸೇನೆಯೂ ಕೊಂದಿತು.

ಇವರು ಮೊದಲು ಸುಟ್ಟದ್ದು ಮತಪೆಟ್ಟಿಗೆ ಅನ್ನುವುದನ್ನು ಗಮನಿಸಿ. ಉಳಿದ ದಾಳಿಗಳೆಲ್ಲ ಆಮೇಲೆ ಬಂದವು. ಇದಕ್ಕೆ ಕಾರಣವಿದೆ. ‘ನಾವು ಜನರ ಪರ ಹೋರಾಡುತ್ತಿದ್ದೇವೆ’ ಅನ್ನುವುದೇ ಇಂಥ ಗುಂಪುಗಳ ಬಂಡವಾಳ. ಚುನಾವಣೆ ನಡೆದರೆ ಎಷ್ಟು ಜನ ಯಾರ ಪರ ಅನ್ನುವುದು ಎಣಿಕೆಯಾಗಿ ಹೊರಗೆ ಬಿದ್ದುಬಿಡುತ್ತದೆ. ಬಣ್ಣ ಬಯಲಾಗುತ್ತದೆ. ಹಾಗಾಗಿ ಚುನಾವಣೆ ಅವರಿಗೆ ಅಪಾಯ. ಜೊತೆಗೆ ಅವಕಾಶ ಕೂಡ. ಇಡೀ ದೇಶ ಒಂದು ತೀರ್ಮಾನ ತೆಗೆದುಕೊಳ್ಳುವ ವಾರ ಅದು. ಕ್ಯಾಮೆರಾಗಳು ಸಿದ್ಧ ಇರುತ್ತವೆ. ನಾಯಕರು ಸಾವಿರಾರು ಜನರ ನಡುವೆ ಓಡಾಡುತ್ತಾರೆ. ಬೆರಳೆಣಿಕೆಯ ಜನರ ಗುಂಪಿಗೆ, ಕಡಿಮೆ ಖರ್ಚಿನಲ್ಲಿ, ಇಷ್ಟು ದೊಡ್ಡ ವೇದಿಕೆ ಇನ್ನೆಲ್ಲಿ ಸಿಗುತ್ತದೆ?

ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಒಂದೇ ಮಾತು. ಬಾಂಬ್ ತಾನಾಗಿ ಚುನಾವಣೆ ಗೆಲ್ಲಿಸುವುದಿಲ್ಲ, ಸೋಲಿಸುವುದೂ ಇಲ್ಲ. ದಾಳಿ ಆದ ಮರುಗಳಿಗೆಯಿಂದ ಸರ್ಕಾರ ಏನು ಹೇಳುತ್ತದೆ, ವಿರೋಧ ಪಕ್ಷ ಏನು ಮಾಡುತ್ತದೆ, ಜನ ಯಾವುದನ್ನು ನಂಬುತ್ತಾರೆ, ಫಲಿತಾಂಶ ತಿರುಗುವುದು ಅಲ್ಲಿ. ಉಗ್ರರ ಲೆಕ್ಕಾಚಾರವೆಲ್ಲ ನಮ್ಮ ಪ್ರತಿಕ್ರಿಯೆಯ ಮೇಲೆ ನಿಂತಿರುತ್ತದೆ.

ಮ್ಯಾಡ್ರಿಡ್‌ನ ಮೂರು ದಿನ

2004ರ ಮಾರ್ಚ್ 11, ಗುರುವಾರ. ಸ್ಪೇನ್‌ನ ರಾಜಧಾನಿ ಮ್ಯಾಡ್ರಿಡ್. ಬೆಳಿಗ್ಗೆ 7.37ರಿಂದ ಮೂರ್ನಾಲ್ಕು ನಿಮಿಷದೊಳಗೆ ನಾಲ್ಕು ಲೋಕಲ್ ರೈಲುಗಳಲ್ಲಿ ಹತ್ತು ಬಾಂಬ್ ಸಿಡಿದವು. ಕೆಲಸಕ್ಕೆ, ಕಾಲೇಜಿಗೆ ಹೊರಟವರು ತುಂಬಿದ್ದ ರೈಲುಗಳು. 190ಕ್ಕೂ ಹೆಚ್ಚು ಜನ ಸತ್ತರು, ಸುಮಾರು 2,000 ಜನ ಗಾಯಗೊಂಡರು. ಭಾನುವಾರ ಸಂಸತ್ ಚುನಾವಣೆ.

ಪ್ರಧಾನಿ ಹೊಸೆ ಮರಿಯಾ ಅಸ್ನಾರ್ ಅವರ ಪಾಪ್ಯುಲರ್ ಪಾರ್ಟಿ ಸಮೀಕ್ಷೆಗಳಲ್ಲಿ ಮುಂದಿತ್ತು. ಇರಾಕ್ ಯುದ್ಧಕ್ಕೆ ಅಮೆರಿಕದ ಜೊತೆ ಕೈಜೋಡಿಸಿದ್ದ ಸರ್ಕಾರ ಅದು. ಸ್ಪೇನ್‌ನಲ್ಲಿ ಹತ್ತರಲ್ಲಿ ಒಂಬತ್ತು ಜನ ಆ ಯುದ್ಧವನ್ನು ವಿರೋಧಿಸಿದ್ದರು. ಆದರೂ ಬೇರೆ ವಿಷಯಗಳ ಬಲದಲ್ಲಿ ಪಕ್ಷ ಗೆಲ್ಲುವ ಹಾಗಿತ್ತು.

ದಾಳಿಯ ದಿನವೇ ಸರ್ಕಾರ ‘ಇದು ಎಟಾ ಕೆಲಸ’ ಅಂದುಬಿಟ್ಟಿತು. ಎಟಾ ಅಂದರೆ ಬಾಸ್ಕ್ ಪ್ರತ್ಯೇಕತಾವಾದಿ ಉಗ್ರ ಗುಂಪು, ದಶಕಗಳಿಂದ ಸ್ಪೇನ್‌ನಲ್ಲಿ ಕೊಲೆ ಮಾಡುತ್ತಾ ಬಂದಿತ್ತು. ಮೊದಲ ಅನುಮಾನ ಅತ್ತ ಹೋದದ್ದು ತಪ್ಪೇನಲ್ಲ. ಎರಡು ವಾರದ ಹಿಂದಷ್ಟೇ ಮ್ಯಾಡ್ರಿಡ್ ಕಡೆ ಹೊರಟಿದ್ದ ಎಟಾ ವ್ಯಾನೊಂದು ಅರ್ಧ ಟನ್ ಸ್ಫೋಟಕದ ಸಮೇತ ಸಿಕ್ಕಿಬಿದ್ದಿತ್ತು. ತಪ್ಪಾದದ್ದು ಅನುಮಾನವನ್ನು ಖಚಿತ ಸುದ್ದಿ ಮಾಡಿದ್ದರಲ್ಲಿ. ಪ್ರಧಾನಿಯೇ ಪತ್ರಿಕೆಗಳ ಸಂಪಾದಕರಿಗೆ ಫೋನ್ ಮಾಡಿ ಹೇಳಿದರು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅದೇ ದಿನ ಎಟಾ ಹೆಸರು ಹಾಕಿಯೇ ಖಂಡನಾ ನಿರ್ಣಯ ಪಾಸ್ ಮಾಡಿತು.

ಇದರ ಹಿಂದಿನ ರಾಜಕೀಯ ಲೆಕ್ಕ ಅರ್ಥ ಮಾಡಿಕೊಳ್ಳಬೇಕು. ಎಟಾ ಮಾಡಿದ್ದಾದರೆ, ಎಟಾ ವಿಷಯದಲ್ಲಿ ಬಿಗಿಯಾಗಿದ್ದ ಸರ್ಕಾರಕ್ಕೆ ಜನ ಇನ್ನಷ್ಟು ಮತ ಹಾಕುತ್ತಾರೆ. ಅಲ್-ಖೈದಾ ದಾರಿಯವರು ಮಾಡಿದ್ದಾದರೆ, ‘ಬೇಡ ಬೇಡ ಅಂದರೂ ಇರಾಕ್‌ಗೆ ಹೋಗಿ ನಮ್ಮ ತಲೆ ಮೇಲೆ ತಂದಿಟ್ಟಿರಿ’ ಅನ್ನುತ್ತಾರೆ. ಯಾರು ಮಾಡಿದರು ಅನ್ನುವ ಪೊಲೀಸ್ ಪ್ರಶ್ನೆಯೇ ಯಾರಿಗೆ ಮತ ಅನ್ನುವ ಪ್ರಶ್ನೆಯಾಯಿತು.

ಉತ್ತರ ಸಿಕ್ಕಿದ್ದು ಒಂದು ಬ್ಯಾಗಿನಿಂದ. ರೈಲುಗಳಲ್ಲಿ ಬಿದ್ದಿದ್ದ ಪ್ರಯಾಣಿಕರ ಚೀಲಗಳನ್ನೆಲ್ಲ ಒಟ್ಟು ಮಾಡಿ ವಾಯೆಕಾಸ್ ಅನ್ನುವ ಬಡಾವಣೆಯ ಪೊಲೀಸ್ ಠಾಣೆಗೆ ತಂದಿದ್ದರು. ರಾತ್ರಿ ಒಂದೊಂದಾಗಿ ತೆರೆದು ನೋಡುವಾಗ ಒಂದು ಸ್ಪೋರ್ಟ್ಸ್ ಬ್ಯಾಗಿನಲ್ಲಿ ವೈರು ಕಂಡಿತು. ಸುಮಾರು ಹತ್ತು ಕಿಲೋ ಸ್ಫೋಟಕ, ಅದರ ಜೊತೆ ಮೊಳೆಗಳು, ಒಂದು ಮೊಬೈಲ್ ಫೋನ್. ಸತ್ತವರ ಸಾಮಾನಿನ ಮಧ್ಯೆ ಸಿಡಿಯದೆ ಉಳಿದ ಬಾಂಬ್ ಅದು. ನಿಷ್ಕ್ರಿಯಗೊಳಿಸಿದ ಮೇಲೆ ಫೋನಿನ ಸಿಮ್ ಕಾರ್ಡಿನ ಜಾಡು ಹಿಡಿದು ಹೋದರೆ ಅದು ನಿಂತದ್ದು ಎಟಾ ಹತ್ತಿರವಲ್ಲ, ಇಸ್ಲಾಮಿಸ್ಟ್ ಉಗ್ರರ ಜಾಲದ ಹತ್ತಿರ. ಶನಿವಾರ ಬಂಧನಗಳಾದವು.

ಮತದಾನದ ಹಿಂದಿನ ದಿನ ಸ್ಪೇನ್‌ನಲ್ಲಿ ಪ್ರಚಾರ ಮಾಡುವ ಹಾಗಿಲ್ಲ. ಆದರೂ ಆ ಶನಿವಾರ ಮೊಬೈಲಿನಿಂದ ಮೊಬೈಲಿಗೆ ಎಸ್‌ಎಂಎಸ್ ಹರಿದಾಡಿತು. ಪ್ರತಿ ಸಂದೇಶದ ಕೊನೆಗೂ ಒಂದೇ ಪದ, ‘ಪಾಸಲೋ’. ಮುಂದಕ್ಕೆ ಕಳಿಸಿ ಅಂತ ಅದರ ಅರ್ಥ. ಸಂಜೆ ಹೊತ್ತಿಗೆ ಆಡಳಿತ ಪಕ್ಷದ ಕಚೇರಿ ಮುಂದೆ ಸಾವಿರಾರು ಜನ. ‘ಮತ ಹಾಕುವ ಮೊದಲು ನಮಗೆ ಸತ್ಯ ಬೇಕು’ ಎಂದು ಕೂಗಿದರು.

ಭಾನುವಾರ ಶೇ 75ಕ್ಕೂ ಜಾಸ್ತಿ ಮತದಾನ. ಹಿಂದಿನ ಚುನಾವಣೆಗಿಂತ ಸುಮಾರು 7 ಅಂಶ ಹೆಚ್ಚು. ವಿರೋಧ ಪಕ್ಷವಾಗಿದ್ದ ಸಮಾಜವಾದಿಗಳಿಗೆ 164 ಸ್ಥಾನ, ಪಾಪ್ಯುಲರ್ ಪಾರ್ಟಿಗೆ 148. ಹೊಸ ಪ್ರಧಾನಿ ಹೊಸೆ ಲೂಯಿಸ್ ರೊಡ್ರಿಗೆಸ್ ಸಪಟೇರೊ ಏಪ್ರಿಲ್‌ನಲ್ಲಿ ಅಧಿಕಾರಕ್ಕೆ ಬಂದ ಕೂಡಲೇ ಇರಾಕ್‌ನಲ್ಲಿದ್ದ ಸುಮಾರು 1,300 ಸೈನಿಕರನ್ನು ವಾಪಸ್ ಕರೆಸುವ ಆದೇಶ ಕೊಟ್ಟರು.

ಸ್ಪೇನ್ ಶರಣಾಯಿತು, ಅಲ್-ಖೈದಾ ಗೆದ್ದಿತು ಎಂದು ಆಗ ಹಲವು ದೇಶಗಳಲ್ಲಿ ಜನ ಬರೆದರು. ಆ ಮಾತು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ. ಸಪಟೇರೊ ಸೈನಿಕರನ್ನು ಕರೆಸುತ್ತೇನೆ ಎಂದದ್ದು ಬಾಂಬ್ ಸಿಡಿಯುವ ಎಷ್ಟೋ ಮೊದಲು. ಅದೇ ಸಪಟೇರೊ ಅದೇ ವರ್ಷ ಅಫ್ಘಾನಿಸ್ತಾನದ ಚುನಾವಣೆಗೆ ಭದ್ರತೆ ಕೊಡಲು ಹೆಚ್ಚುವರಿ ಸೈನಿಕರನ್ನು ಕಳಿಸಿದರು. ಶರಣಾದವರು ಹೀಗೆ ಮಾಡುತ್ತಾರಾ? ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಚುನಾವಣೆ ಮುಗಿದು, ಸೈನಿಕರು ವಾಪಸ್ ಬರುವುದು ಹೆಚ್ಚುಕಡಿಮೆ ಖಚಿತವಾಗಿದ್ದ ಏಪ್ರಿಲ್ 2ರಂದು, ಮ್ಯಾಡ್ರಿಡ್‌ನಿಂದ ಸೆವಿಲ್‌ಗೆ ಹೋಗುವ ಹೈಸ್ಪೀಡ್ ರೈಲಿನ ಹಳಿ ಮೇಲೆ ಮತ್ತೆ ಬಾಂಬ್ ಸಿಕ್ಕಿತು. ಬೇಡಿಕೆ ಈಡೇರಿದ ಮೇಲೂ ಯಾಕೆ ಬಾಂಬ್? ಸ್ಪೇನ್‌ನ ಸಂಶೋಧಕ ಫೆರ್ನಾಂಡೊ ರೈನಾರೆಸ್ ಹೇಳುವ ಪ್ರಕಾರ ಸ್ಪೇನ್ ಮೇಲೆ ದಾಳಿ ಮಾಡುವ ಯೋಚನೆ ಹುಟ್ಟಿದ್ದೇ 2001ರ ಕೊನೆಗೆ. ಅಲ್ಲಿನ ಅಲ್-ಖೈದಾ ಜಾಲವನ್ನು ಪೊಲೀಸರು ಹಿಡಿದುಹಾಕಿದ್ದರ ಸೇಡು ಅದು. ಆಗಿನ್ನೂ ಇರಾಕ್ ಯುದ್ಧ ಶುರುವೇ ಆಗಿರಲಿಲ್ಲ.

ಹಾಗಂತ ಚುನಾವಣೆಗೂ ದಾಳಿಗೂ ಸಂಬಂಧವೇ ಇರಲಿಲ್ಲ ಅಂದರೆ ಅದೂ ಸುಳ್ಳು. 2003ರ ಡಿಸೆಂಬರ್‌ನಲ್ಲಿ ಜಿಹಾದಿ ವೆಬ್‌ಸೈಟೊಂದರಲ್ಲಿ ಬಂದ ದಾಖಲೆಯನ್ನು ನಾರ್ವೆಯ ರಕ್ಷಣಾ ಸಂಶೋಧಕರು ಗುರುತಿಸಿದರು. ಇರಾಕ್‌ನಲ್ಲಿರುವ ಮಿತ್ರಪಡೆಗಳಲ್ಲಿ ಸ್ಪೇನ್ ದುರ್ಬಲ ಕೊಂಡಿ, ಎರಡು ಮೂರು ಹೊಡೆತಕ್ಕಿಂತ ಹೆಚ್ಚು ತಡೆಯಲಾರದು, ಬರುವ ಚುನಾವಣೆಯನ್ನು ಬಳಸಿಕೊಳ್ಳಬೇಕು ಎಂಬ ಲೆಕ್ಕ ಅದರಲ್ಲಿತ್ತು. ಅರ್ಥಶಾಸ್ತ್ರಜ್ಞ ಹೊಸೆ ಗಾರ್ಸಿಯಾ ಮೊಂಟಾಲ್ವೊ ಒಂದು ಜಾಣ ಹೋಲಿಕೆ ಮಾಡಿದರು. ವಿದೇಶದಲ್ಲಿದ್ದ ಸ್ಪೇನಿನವರು ದಾಳಿಗೆ ಮೊದಲೇ ಮತ ಹಾಕಿ ಮುಗಿಸಿದ್ದರು. ಅವರ ಮತವನ್ನು ದೇಶದೊಳಗಿನವರ ಮತದ ಪಕ್ಕ ಇಟ್ಟು ನೋಡಿದರೆ, ದಾಳಿಯ ನಂತರ ಮತ ತಿರುಗಿದ್ದು ಸ್ಪಷ್ಟವಾಗಿ ಕಾಣುತ್ತದೆ.

ಅಂದರೆ ಮತ ತಿರುಗಿತು, ನಿಜ. ಆದರೆ ಆ ಮೂರು ದಿನ ಸರ್ಕಾರ ‘ತನಿಖೆ ನಡೆಯುತ್ತಿದೆ, ಯಾರೆಂದು ಇನ್ನೂ ಗೊತ್ತಿಲ್ಲ’ ಅಂದಿದ್ದರೆ? ದುಃಖದಲ್ಲಿದ್ದ ಜನ ಸರ್ಕಾರದ ಬೆನ್ನಿಗೆ ನಿಲ್ಲುವ ಸಾಧ್ಯತೆಯೂ ಇತ್ತು. ಎಷ್ಟೋ ದೇಶಗಳಲ್ಲಿ ಹಾಗೇ ಆಗಿದೆ. ಮುಚ್ಚಿಟ್ಟರು ಅನ್ನುವ ಸಿಟ್ಟು ಬಾಂಬಿನ ನೋವಿನ ಮೇಲೆ ಬಂದು ಕೂತಿತು.

ಅದೇ ವರ್ಷ ಇನ್ನೆರಡು ಚುನಾವಣೆ

ಸೆಪ್ಟೆಂಬರ್ 9ರಂದು ಜಕಾರ್ತದ ಆಸ್ಟ್ರೇಲಿಯಾ ರಾಯಭಾರ ಕಚೇರಿ ಎದುರು ಕಾರ್ ಬಾಂಬ್ ಸಿಡಿಯಿತು. ಸರಿಯಾಗಿ ಒಂದು ತಿಂಗಳಿಗೆ ಆಸ್ಟ್ರೇಲಿಯಾದಲ್ಲಿ ಚುನಾವಣೆ. ಪ್ರಧಾನಿ ಜಾನ್ ಹೊವಾರ್ಡ್ ಇರಾಕ್‌ಗೆ ಸೈನ್ಯ ಕಳಿಸಿದ್ದರು. ವಿರೋಧ ಪಕ್ಷದ ಮಾರ್ಕ್ ಲೇಥಮ್ ಕ್ರಿಸ್ಮಸ್ ಹೊತ್ತಿಗೆ ಸೈನಿಕರನ್ನು ಮನೆಗೆ ಕರೆತರುತ್ತೇನೆ ಎಂದಿದ್ದರು. ಹೆಚ್ಚುಕಡಿಮೆ ಸ್ಪೇನ್‌ನದೇ ಚಿತ್ರ. ಗೆದ್ದವರು ಹೊವಾರ್ಡ್, ಅದೂ ಮೊದಲಿಗಿಂತ ಹೆಚ್ಚು ಸ್ಥಾನಗಳೊಂದಿಗೆ.

ಅಕ್ಟೋಬರ್ 29ಕ್ಕೆ ಒಸಾಮಾ ಬಿನ್ ಲಾಡೆನ್ ವಿಡಿಯೊ ಅಲ್ ಜಜೀರಾದಲ್ಲಿ ಬಂತು. ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಾಲ್ಕೇ ದಿನ. ನಿಮ್ಮ ಸುರಕ್ಷತೆ ಬುಷ್ ಕೈಯಲ್ಲೂ ಇಲ್ಲ, ಕೆರಿ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲೇ ಇದೆ ಎಂದು ಆತ ಅಮೆರಿಕದ ಮತದಾರರಿಗೆ ನೇರವಾಗಿ ಹೇಳಿದ. ಬುಷ್ ಗೆದ್ದರು. ಆ ವಿಡಿಯೊ ತನಗೆ ಪೆಟ್ಟು ಕೊಟ್ಟಿತು ಎಂದು ಜಾನ್ ಕೆರಿ ಆಮೇಲೆ ಹೇಳಿದರು. ಬಿನ್ ಲಾಡೆನ್‌ಗೆ ಬೇಕಾಗಿದ್ದವರು ಯಾರು ಅನ್ನುವುದನ್ನು ಊಹೆಗೆ ಬಿಡೋಣ. ಯಾರೇ ಬಂದರೂ ತನ್ನ ಹೆಸರು ಆ ವಾರದ ಚರ್ಚೆಯಲ್ಲಿರಬೇಕು ಅನ್ನುವುದಂತೂ ಈಡೇರಿತು.

ಮಾತುಕತೆ ಮುರಿಯುವ ಬಾಂಬ್

ಇಲ್ಲಿ ಒಂದು ವಿಚಿತ್ರ ಇದೆ. ತಮ್ಮನ್ನು ಬಗ್ಗುಬಡಿಯುತ್ತೇನೆ ಅನ್ನುವ ಅಭ್ಯರ್ಥಿ ಗೆದ್ದರೆ ಉಗ್ರರಿಗೆ ನಷ್ಟ ಅಲ್ವಾ? ಎಷ್ಟೋ ಸಲ ಅಲ್ಲ. ಅವರಿಗೆ ಜಾಸ್ತಿ ಭಯ ಇರುವುದು ಮಾತುಕತೆಗೆ ಬರುವ ಮೆದು ನಾಯಕನ ಬಗ್ಗೆ. ರಾಜಿ ಆಗಿಬಿಟ್ಟರೆ ಅವರ ಅಂಗಡಿ ಮುಚ್ಚಬೇಕಾಗುತ್ತದೆ.

1978ರ ಮಾರ್ಚ್ 16ರಂದು ಇಟಲಿಯಲ್ಲಿ ನಡೆದದ್ದು ನೋಡಿ. ಮಾಜಿ ಪ್ರಧಾನಿ ಆಲ್ಡೊ ಮೊರೊ ಬೆಳಿಗ್ಗೆ ಸಂಸತ್ತಿಗೆ ಹೊರಟಿದ್ದರು. ಕಮ್ಯುನಿಸ್ಟ್ ಪಕ್ಷದ ಬೆಂಬಲದೊಂದಿಗೆ ಬರುತ್ತಿದ್ದ ಹೊಸ ಸರ್ಕಾರ ಆ ದಿನ ವಿಶ್ವಾಸಮತ ಕೇಳಬೇಕಿತ್ತು. ಆ ರಾಜಿಯನ್ನು ಕಟ್ಟಿದವರೇ ಮೊರೊ. ದಾರಿಯಲ್ಲಿ ಅವರ ಐವರು ಅಂಗರಕ್ಷಕರನ್ನು ಕೊಂದು ಅವರನ್ನು ಎತ್ತಿಕೊಂಡು ಹೋದರು. 55 ದಿನದ ನಂತರ ರೋಮ್‌ನ ಬೀದಿಯೊಂದರಲ್ಲಿ ನಿಂತಿದ್ದ ರೆನೊ 4 ಕಾರಿನ ಹಿಂಭಾಗದಲ್ಲಿ ಅವರ ಹೆಣ ಸಿಕ್ಕಿತು. ಮಾಡಿದವರು ರೆಡ್ ಬ್ರಿಗೇಡ್ಸ್, ಕಟ್ಟಾ ಎಡಪಂಥೀಯರು. ಕಮ್ಯುನಿಸ್ಟರಿಗೆ ಅಧಿಕಾರದ ಬಾಗಿಲು ತೆರೆಯುತ್ತಿದ್ದವರನ್ನೇ ಕೊಂದರು. ಎಡಪಕ್ಷ ಸಂಸತ್ತಿನ ದಾರಿಯಲ್ಲಿ ಗೆದ್ದರೆ ಬಂದೂಕಿನ ದಾರಿಯನ್ನು ಯಾರು ಕೇಳುತ್ತಾರೆ? ಮರುವರ್ಷದ ಶುರುವಿನಲ್ಲೇ ಆ ರಾಜಿ ಮುರಿದುಬಿತ್ತು.

ಇಸ್ರೇಲ್‌ನ 1996ರ ಚುನಾವಣೆಯನ್ನು ಈ ವಿಷಯ ಓದುವವರೆಲ್ಲ ಮೊದಲು ನೋಡುತ್ತಾರೆ. ಪ್ಯಾಲೆಸ್ಟೀನಿಯರ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡ ಪ್ರಧಾನಿ ರಾಬಿನ್ ಅವರನ್ನು 1995ರ ನವೆಂಬರ್‌ನಲ್ಲಿ ಒಬ್ಬ ಯಹೂದಿ ತೀವ್ರವಾದಿ ಗುಂಡಿಟ್ಟು ಕೊಂದಿದ್ದ. ಅವರ ಜಾಗಕ್ಕೆ ಬಂದ ಶಿಮೊನ್ ಪೆರೆಸ್ ಸಮೀಕ್ಷೆಗಳಲ್ಲಿ ತುಂಬಾ ಮುಂದಿದ್ದರು. ಜನವರಿಯಲ್ಲಿ ಹಮಾಸ್ ಎಂಬ ಪ್ಯಾಲೆಸ್ಟೀನಿ ಸಶಸ್ತ್ರ ಗುಂಪಿನ ಬಾಂಬ್ ತಯಾರಕನೊಬ್ಬನನ್ನು ಇಸ್ರೇಲ್ ಮೊಬೈಲ್ ಫೋನಿನಲ್ಲಿ ಸ್ಫೋಟಕ ಇಟ್ಟು ಕೊಂದಿತು. ಫೆಬ್ರುವರಿ 25ರಿಂದ ಒಂಬತ್ತು ದಿನದಲ್ಲಿ ನಾಲ್ಕು ಆತ್ಮಾಹುತಿ ದಾಳಿಗಳಾದವು, ಸುಮಾರು 60 ಜನ ಸತ್ತರು. ಜೆರುಸಲೇಮ್‌ನಲ್ಲಿ ಒಂದೇ ನಂಬರಿನ ಬಸ್ಸು, 18ನೇ ನಂಬರ್, ಎರಡು ಭಾನುವಾರ ಸಿಡಿಯಿತು. ಆ ಬಸ್ಸಿಗೆ ದಿನಾ ಹತ್ತುವವರ ಮನಸ್ಸಿನಲ್ಲಿ ಏನಾಗಿರಬೇಕು ಊಹಿಸಿ. ಮೇ 29ರ ಚುನಾವಣೆಯಲ್ಲಿ, ಆ ಶಾಂತಿ ಒಪ್ಪಂದವನ್ನು ಟೀಕಿಸುತ್ತಿದ್ದ ಬೆಂಜಮಿನ್ ನೆತನ್ಯಾಹು ಗೆದ್ದರು. ಅಂತರ ಶೇ 1ಕ್ಕೂ ಕಡಿಮೆ, 30,000 ಮತಗಳ ಒಳಗೆ. ಬೇರೆ ಕಾರಣಗಳೂ ಇದ್ದವು. ಏಪ್ರಿಲ್‌ನಲ್ಲಿ ಪೆರೆಸ್ ಲೆಬನಾನ್ ಮೇಲೆ ನಡೆಸಿದ ಕಾರ್ಯಾಚರಣೆಯಲ್ಲಿ ಕಾನಾ ಊರಲ್ಲಿ ನೂರಕ್ಕೂ ಹೆಚ್ಚು ನಾಗರಿಕರು ಸತ್ತು, ಅರಬ್ ಮತದಾರರು ಅವರಿಂದ ದೂರವಾದರು. ಆದರೆ ಇಷ್ಟು ಸಣ್ಣ ಅಂತರದ ಚುನಾವಣೆಯಲ್ಲಿ ಆ ಒಂಬತ್ತು ದಿನಗಳನ್ನು ಬದಿಗಿಟ್ಟು ಮಾತಾಡುವುದು ಕಷ್ಟ.

ಇದರ ಒಳಗುಟ್ಟನ್ನು ಆಂಡ್ರ್ಯೂ ಕಿಡ್ ಮತ್ತು ಬಾರ್ಬರಾ ವಾಲ್ಟರ್ ಎಂಬ ರಾಜಕೀಯ ವಿದ್ವಾಂಸರು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಎರಡು ಕಡೆಯವರು ಒಪ್ಪಂದಕ್ಕೆ ಕೂತಿದ್ದಾರೆ. ಹೊರಗೆ ಬಾಂಬ್ ಸಿಡಿಯುತ್ತದೆ. ಆಗ ಒಂದು ಕಡೆಯ ಜನಕ್ಕೆ ಎದುರಿನ ನಾಯಕನ ಮೇಲೆ ಅನುಮಾನ ಬರುತ್ತದೆ. ಇವನಿಗೆ ತನ್ನವರನ್ನು ತಡೆಯುವ ಶಕ್ತಿ ಇಲ್ಲವೋ, ಅಥವಾ ಮನಸ್ಸೇ ಇಲ್ಲವೋ? ಎರಡರಲ್ಲಿ ಯಾವುದಾದರೂ ಸರಿ, ಇಂಥವನ ಜೊತೆ ಒಪ್ಪಂದ ಯಾಕೆ? ಬಾಂಬಿನ ಕೆಲಸ ಅಲ್ಲಿಗೆ ಮುಗಿಯಿತು. ನಂಬಿಕೆ ಕಟ್ಟಲು ವರ್ಷಗಳು ಬೇಕು. ಒಡೆಯಲು ಒಂದು ಬೆಳಗು ಸಾಕು.

ಭಾರತ ಪಾಕಿಸ್ತಾನಗಳ ನಡುವೆ ಇದೇ ಮತ್ತೆ ಮತ್ತೆ ನಡೆದಿದೆ. 2008ರ ನವೆಂಬರ್ 26ರಂದು ಮುಂಬೈ ಮೇಲೆ ದಾಳಿಯಾದಾಗ ಪಾಕಿಸ್ತಾನದ ವಿದೇಶಾಂಗ ಸಚಿವರು ಮಾತುಕತೆಗೆಂದು ದೆಹಲಿಯಲ್ಲೇ ಇದ್ದರು. 2015ರ ಡಿಸೆಂಬರ್ 25ರಂದು ಭಾರತದ ಪ್ರಧಾನಿ ಲಾಹೋರ್‌ನಲ್ಲಿ ಇಳಿದರು. ಎಂಟು ದಿನಕ್ಕೆ ಪಠಾಣ್‌ಕೋಟ್ ವಾಯುನೆಲೆ ಮೇಲೆ ದಾಳಿ. ನಿಗದಿಯಾಗಿದ್ದ ಮಾತುಕತೆ ನಿಂತಿತು.

ಸದ್ದಿಲ್ಲದ ಹಿಡಿತ

ಚುನಾವಣೆಗೆ ನಾಲ್ಕು ದಿನ ಮೊದಲು ಬಾಂಬ್ ಸಿಡಿದರೆ ಜಗತ್ತೆಲ್ಲ ನೋಡುತ್ತದೆ. ಆದರೆ ಫಲಿತಾಂಶ ನಿಜವಾಗಿ ತಿರುಚಿಹೋಗುವುದು ಹೆಚ್ಚಾಗಿ ಬಾಂಬೇ ಸಿಡಿಯದ ಕಡೆ. ಬರೀ ಬೆದರಿಕೆ ಸಾಕಾಗುವ ಕಡೆ.

ಶ್ರೀಲಂಕಾದಲ್ಲಿ 2005ರ ನವೆಂಬರ್ 17ರಂದು ಅಧ್ಯಕ್ಷ ಚುನಾವಣೆ. ಒಂದು ಕಡೆ ಎಲ್‌ಟಿಟಿಇ ಜೊತೆ 2002ರಲ್ಲಿ ಕದನವಿರಾಮಕ್ಕೆ ಸಹಿ ಹಾಕಿದ್ದ ರನಿಲ್ ವಿಕ್ರಮಸಿಂಘೆ. ಇನ್ನೊಂದು ಕಡೆ ಬಿಗಿ ನಿಲುವಿನ ಮಹಿಂದ ರಾಜಪಕ್ಸೆ. ತಮಿಳರ ಮತ ಬಿದ್ದಿದ್ದರೆ ಬಹುತೇಕ ರನಿಲ್‌ಗೇ ಹೋಗುತ್ತಿತ್ತು. ಉತ್ತರದಲ್ಲಿ ಜನ ಮತಗಟ್ಟೆಗೆ ಹೋಗದ ಹಾಗೆ ಎಲ್‌ಟಿಟಿಇ ತಡೆಯಿತು. ಜಾಫ್ನಾ ಜಿಲ್ಲೆಯಲ್ಲಿ ಸುಮಾರು 7 ಲಕ್ಷ ಮತದಾರರಿದ್ದರು. ಮತ ಹಾಕಿದವರು ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇಡೀ ದೇಶದಲ್ಲಿ ರಾಜಪಕ್ಸೆ ಗೆದ್ದದ್ದು ಸುಮಾರು 1.8 ಲಕ್ಷ ಮತಗಳಿಂದ.

ಆ ಗುಂಪಿಗೆ ಅಂದುಕೊಂಡದ್ದು ಸಿಕ್ಕಿತು. ಮೆದು ನಾಯಕ ಸೋತ. ಮೂರೂವರೆ ವರ್ಷಕ್ಕೆ, 2009ರ ಮೇನಲ್ಲಿ, ರಾಜಪಕ್ಸೆ ಸರ್ಕಾರದ ಸೇನೆ ಎಲ್‌ಟಿಟಿಇಯನ್ನು ಪೂರ್ತಿ ಮುಗಿಸಿತು. ಕೊನೆಯ ತಿಂಗಳುಗಳಲ್ಲಿ ನಡುವೆ ಸಿಕ್ಕಿಬಿದ್ದು ಸತ್ತ ಸಾವಿರಾರು ತಮಿಳು ನಾಗರಿಕರಿಗೆ 2005ರಲ್ಲಿ ಮತ ಹಾಕುವ ಅವಕಾಶವನ್ನೂ ಕೊಟ್ಟಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಪಾಕಿಸ್ತಾನದ 2013ರ ಚುನಾವಣೆಯಲ್ಲಿ ಇನ್ನೊಂದು ಬಗೆ ಕಂಡಿತು. ಪಾಕಿಸ್ತಾನಿ ತಾಲಿಬಾನ್ ಎಲ್ಲ ಪಕ್ಷಗಳ ಮೇಲೂ ಬೀಳಲಿಲ್ಲ. ಮೂರು ಪಕ್ಷಗಳ ಹೆಸರು ಹೇಳಿ, ಇವರ ಸಭೆಗಳಿಗೆ ಹೋಗಬೇಡಿ ಎಂದು ಜನರನ್ನು ಎಚ್ಚರಿಸಿತು. ಜಾಸ್ತಿ ಪೆಟ್ಟು ತಿಂದದ್ದು ಪಖ್ತೂನರ ಜಾತ್ಯತೀತ ಪಕ್ಷವಾದ ಅವಾಮಿ ನ್ಯಾಷನಲ್ ಪಾರ್ಟಿ. ಅದರ ಹಿರಿಯ ನಾಯಕ ಬಷೀರ್ ಬಿಲೂರ್ ಅವರನ್ನು 2012ರ ಡಿಸೆಂಬರ್‌ನಲ್ಲೇ ಕೊಂದಿದ್ದರು. ಬೇರೆ ಪಕ್ಷಗಳು ಮೈದಾನ ತುಂಬಿಸುತ್ತಿದ್ದಾಗ ಈ ಪಕ್ಷದ ಅಭ್ಯರ್ಥಿಗಳು ಮನೆಯಿಂದ ಹೊರಗೆ ಬರುವುದೇ ಕಷ್ಟವಾಯಿತು. ಖೈಬರ್ ಪಖ್ತೂನ್‌ಖ್ವಾ ಪ್ರಾಂತ್ಯದಲ್ಲಿ ಅಧಿಕಾರದಲ್ಲಿದ್ದ ಪಕ್ಷ ನೆಲಕಚ್ಚಿತು. ಅದರ ಆಡಳಿತದ ಮೇಲೆ ಜನಕ್ಕೆ ಸಿಟ್ಟಿತ್ತು, ಹೌದು. ಆದರೆ ತನ್ನ ಕೆಲಸವನ್ನು ಸಮರ್ಥಿಸಿಕೊಂಡು ಬೀದಿಯಲ್ಲಿ ಮಾತಾಡುವ ಅವಕಾಶವೇ ಇಲ್ಲದಿದ್ದರೆ ಅದು ಯಾವ ಸೀಮೆಯ ಸ್ಪರ್ಧೆ?

ಅಫ್ಘಾನಿಸ್ತಾನದಲ್ಲಿ ಇದು ಬೆರಳಿಗೇ ಬಂದು ನಿಂತಿತು. ಮತ ಹಾಕಿದ ಗುರುತಿಗೆ ಹಚ್ಚುವ ಶಾಯಿ ದಿನಗಟ್ಟಲೆ ಹೋಗುವುದಿಲ್ಲ. ಕಳ್ಳ ಮತ ತಡೆಯಲು ಹಚ್ಚಿದ ಗುರುತೇ ತಾಲಿಬಾನ್‌ಗೆ ಸಾಕ್ಷಿಯಾಯಿತು. 2014ರ ಜೂನ್ 14ರಂದು ಹೆರಾತ್ ಪ್ರಾಂತ್ಯದಲ್ಲಿ ಮತ ಹಾಕಿ ಬರುತ್ತಿದ್ದ ಹನ್ನೊಂದು ಜನ ವಯಸ್ಸಾದ ಗಂಡಸರ ಶಾಯಿ ಹಚ್ಚಿದ ಬೆರಳುಗಳನ್ನು ಕತ್ತರಿಸಿಹಾಕಿದರು.

ವಿದೇಶಾಂಗ ನೀತಿಯ ಮೇಲೆ ಒತ್ತಡ

ಉಗ್ರರಿಗೆ ಚುನಾವಣೆ ಅನೇಕ ಸಲ ಒಂದು ಮೆಟ್ಟಿಲು ಮಾತ್ರ. ಗುರಿ ಬೇರೆ ಇರುತ್ತದೆ. ಇನ್ನೊಂದು ದೇಶದ ಸೈನ್ಯ ವಾಪಸ್ ಹೋಗಬೇಕು, ಇಲ್ಲವೇ ಬರಲೇಬಾರದು.

1983ರ ಅಕ್ಟೋಬರ್ 23ರಂದು ಬೈರೂತ್‌ನಲ್ಲಿ ಸ್ಫೋಟಕ ತುಂಬಿದ ಟ್ರಕ್ ನುಗ್ಗಿಸಿ 241 ಅಮೆರಿಕನ್ ಸೈನಿಕರನ್ನು ಕೊಂದರು. ಅದೇ ಬೆಳಿಗ್ಗೆ 58 ಫ್ರೆಂಚ್ ಸೈನಿಕರೂ ಸತ್ತರು. ನಾಲ್ಕು ತಿಂಗಳಲ್ಲಿ ಅಮೆರಿಕದ ಪಡೆ ಲೆಬನಾನ್ ಬಿಟ್ಟಿತು. ಈ ಪ್ರಸಂಗವನ್ನು ಬಿನ್ ಲಾಡೆನ್ 1990ರ ದಶಕದಲ್ಲಿ ಎತ್ತಿ ಆಡುತ್ತಿದ್ದ. ಒಂದು ಹೊಡೆತಕ್ಕೆ ಓಡಿಹೋದರು ಅನ್ನುವುದು ಅವನ ಪಾಠ. ಹಿಂದಕ್ಕೆ ಸರಿಯುವುದು ಒಮ್ಮೊಮ್ಮೆ ಸರಿಯಾದ ತೀರ್ಮಾನವೇ ಆಗಿರಬಹುದು. ಆದರೆ ಅದನ್ನು ಇನ್ಯಾರೋ ಹೇಗೆ ಓದಿಕೊಳ್ಳುತ್ತಾರೆ ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ.

ಒತ್ತೆಸೆರೆ ಇನ್ನೊಂದು ದಾರಿ. 2004ರ ಜುಲೈನಲ್ಲಿ ಫಿಲಿಪೀನ್ಸ್‌ನ ಒಬ್ಬ ಟ್ರಕ್ ಚಾಲಕನನ್ನು ಇರಾಕ್‌ನಲ್ಲಿ ಹಿಡಿದಿಟ್ಟರು. ಹೊಟ್ಟೆಪಾಡಿಗೆ ಹೊರದೇಶಕ್ಕೆ ಹೋದ ಲಕ್ಷಾಂತರ ಜನ ಇರುವ ದೇಶ ಅದು. ಪ್ರತಿ ಮನೆಯವರೂ ಆತನಲ್ಲಿ ತಮ್ಮವನನ್ನು ಕಂಡರು. ಅಧ್ಯಕ್ಷೆ ಅರೊಯೊ ಇರಾಕ್‌ನಲ್ಲಿದ್ದ 51 ಜನರ ಪಡೆಯನ್ನು ಗಡುವಿಗಿಂತ ಮೊದಲೇ ಕರೆಸಿಕೊಂಡರು. ಆತ ಬಿಡುಗಡೆಯಾದ. ಅದರ ಬೆನ್ನಿಗೇ ಬೇರೆ ದೇಶಗಳ ಟ್ರಕ್ ಚಾಲಕರ ಅಪಹರಣವಾಯಿತು, ಅವರಲ್ಲಿ ಮೂವರು ಭಾರತೀಯರು. ಒಬ್ಬ ಬಡ ಚಾಲಕನ ಜೀವ ಉಳಿಸಿದ್ದನ್ನು ತಪ್ಪು ಅನ್ನಲು ನನ್ನ ನಾಲಿಗೆ ಏಳುವುದಿಲ್ಲ. ಅದರ ಬೆಲೆಯನ್ನು ಬೇರೆಯವರು ತೆತ್ತರು ಅನ್ನುವುದನ್ನು ಮರೆಯಲೂ ಆಗುವುದಿಲ್ಲ.

ಮುಂದೆ ಬರಬಹುದಾದ ನೀತಿಯನ್ನು ಹುಟ್ಟುವ ಮೊದಲೇ ಕೊಲ್ಲುವ ಪ್ರಯತ್ನಕ್ಕೆ 1991ರ ಮೇ 21ರ ಶ್ರೀಪೆರಂಬುದೂರು ಸಾಕ್ಷಿ. ರಾಜೀವ್ ಗಾಂಧಿ ಚುನಾವಣಾ ಪ್ರಚಾರಕ್ಕೆ ಬಂದಿದ್ದರು. ಹಾರ ಹಾಕಲು ಬಂದವಳ ಸೊಂಟದಲ್ಲಿ ಬಾಂಬ್ ಇತ್ತು. 1987ರಲ್ಲಿ ಶ್ರೀಲಂಕಾಕ್ಕೆ ಭಾರತದ ಶಾಂತಿಪಾಲನಾ ಪಡೆ ಕಳಿಸಿದವರು ಅವರು. ಮತ್ತೆ ಪ್ರಧಾನಿಯಾದರೆ ಮತ್ತೆ ಕಳಿಸಬಹುದು ಅನ್ನುವುದು ಎಲ್‌ಟಿಟಿಇ ಭಯ. ಆಗಿದ್ದೇನು? ಹತ್ಯೆಯ ನಂತರ ಮತದಾನ ನಡೆದ ಕ್ಷೇತ್ರಗಳಲ್ಲಿ ಕಾಂಗ್ರೆಸ್ ಮೊದಲ ಹಂತಕ್ಕಿಂತ ತುಂಬಾ ಚೆನ್ನಾಗಿ ಗೆದ್ದಿತು. ತಮಿಳುನಾಡಿನಲ್ಲಿ ಕಾಂಗ್ರೆಸ್ ಮತ್ತು ಎಐಎಡಿಎಂಕೆ ಮೈತ್ರಿಕೂಟ 39ಕ್ಕೆ 39 ಲೋಕಸಭಾ ಸ್ಥಾನ ಬಾಚಿಕೊಂಡಿತು. ಭಾರತ 1992ರಲ್ಲಿ ಎಲ್‌ಟಿಟಿಇಯನ್ನು ನಿಷೇಧಿಸಿತು. ಕಷ್ಟಕಾಲದಲ್ಲಿ ಆಸರೆಯಾಗಿದ್ದ ತಮಿಳುನಾಡಿನ ಜನರ ಅನುಕಂಪವನ್ನೇ ಆ ಗುಂಪು ಕಳೆದುಕೊಂಡಿತು. ಇನ್ನೊಂದು ದೇಶದ ನೀತಿ ಬದಲಿಸಲು ಹೋಗಿ ತನ್ನ ಕಾಲ ಕೆಳಗಿನ ನೆಲ ತಾನೇ ಅಗೆದುಕೊಂಡ ಹಾಗಾಯಿತು.

ಲೆಕ್ಕ ಹಾಕಿದವರು ಏನು ಹೇಳುತ್ತಾರೆ

ಮ್ಯಾಕ್ಸ್ ಅಬ್ರಾಮ್ಸ್ ಅನ್ನುವ ಸಂಶೋಧಕರು 2006ರಲ್ಲಿ 28 ಉಗ್ರ ಗುಂಪುಗಳ 42 ಗುರಿಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಈಡೇರಿದ್ದು ಶೇ 7ರಷ್ಟು. ನಾಗರಿಕರ ಮೇಲೆ ದಾಳಿ ಮಾಡುವ ಗುಂಪುಗಳ ಕತೆ ಇನ್ನೂ ಕಡೆ. ಸಾಮಾನ್ಯ ಜನರನ್ನು ಕೊಂದಾಗ, ಇವರ ಬೇಡಿಕೆ ಏನು ಅಂತ ಯಾರೂ ಕೇಳುವುದಿಲ್ಲ. ಇವರು ನಮ್ಮನ್ನೇ ಮುಗಿಸಲು ಬಂದವರು ಅಂತ ಜನ ತೀರ್ಮಾನಿಸುತ್ತಾರೆ. ಆಮೇಲೆ ರಾಜಿಯ ಮಾತೇ ಇಲ್ಲ.

ಮತದ ವಿಷಯದಲ್ಲೂ ಇಸ್ರೇಲ್‌ನಿಂದ ಒಳ್ಳೆಯ ಅಂಕಿಗಳಿವೆ. ಕ್ಲಾಡ್ ಬೆರ್ರೆಬಿ ಮತ್ತು ಎಸ್ಟೆಬಾನ್ ಕ್ಲೋರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚುನಾವಣೆಗೆ ಮೊದಲಿನ ಮೂರು ತಿಂಗಳಲ್ಲಿ ಒಂದು ಊರಿನಲ್ಲಿ ದಾಳಿಯಾದರೆ ಅಲ್ಲಿ ಬಲಪಂಥೀಯ ಪಕ್ಷಗಳ ಮತ ಶೇ 1.35 ಅಂಶ ಏರುತ್ತದೆ. ಕೇಳಲು ಸಣ್ಣದು. ಸಣ್ಣ ಅಂತರದ ಚುನಾವಣೆಯಲ್ಲಿ ಸಾಕಷ್ಟು ದೊಡ್ಡದು. ಆದರೆ ಇದನ್ನು ಎಲ್ಲ ದೇಶಕ್ಕೂ ಸೂತ್ರ ಮಾಡಿಕೊಳ್ಳಬಾರದು. ಬ್ರಿಟನ್‌ನಲ್ಲಿ 2017ರ ಮೇ 22ರಂದು ಮ್ಯಾಂಚೆಸ್ಟರ್‌ನಲ್ಲಿ, ಜೂನ್ 3ರಂದು ಲಂಡನ್ ಬ್ರಿಡ್ಜ್ ಹತ್ತಿರ ದಾಳಿಗಳಾದವು. ಚರ್ಚೆ ತಿರುಗಿದ್ದು ಪೊಲೀಸರ ಸಂಖ್ಯೆ ಯಾರು ಕಡಿಮೆ ಮಾಡಿದರು ಅನ್ನುವ ಕಡೆಗೆ. ಜೂನ್ 8ರ ಚುನಾವಣೆಯಲ್ಲಿ ಅಧಿಕಾರದಲ್ಲಿದ್ದ ಕನ್ಸರ್ವೇಟಿವ್ ಪಕ್ಷವೇ ಬಹುಮತ ಕಳೆದುಕೊಂಡಿತು.

ನಾರ್ವೆಯಲ್ಲಿ 2011ರ ಜುಲೈ 22ರಂದು ಒಬ್ಬ ಬಲಪಂಥೀಯ ಉಗ್ರ 77 ಜನರನ್ನು ಕೊಂದ. ಅವರಲ್ಲಿ 69 ಜನ ಉಟೊಯಾ ದ್ವೀಪದಲ್ಲಿ ಲೇಬರ್ ಪಕ್ಷದ ಯುವ ಘಟಕದ ಶಿಬಿರದಲ್ಲಿದ್ದವರು. ಮುಂದೆ ಶಾಸಕರು, ಮಂತ್ರಿಗಳು ಆಗಬಹುದಾಗಿದ್ದ ಮಕ್ಕಳನ್ನೇ ಹುಡುಕಿ ಕೊಂದ. ಪ್ರಧಾನಿ ಯೆನ್ಸ್ ಸ್ಟೊಲ್ಟೆನ್‌ಬರ್ಗ್, ಇದಕ್ಕೆ ನಮ್ಮ ಉತ್ತರ ಇನ್ನಷ್ಟು ಪ್ರಜಾಪ್ರಭುತ್ವ, ಇನ್ನಷ್ಟು ಮುಕ್ತತೆ ಎಂದರು. ಇದು ಬರೀ ಭಾಷಣವಾಗಿ ಉಳಿಯಲಿಲ್ಲ. ಮರುವರ್ಷ ತನಿಖಾ ಆಯೋಗ ಸರ್ಕಾರ ಮತ್ತು ಪೊಲೀಸರ ಲೋಪಗಳನ್ನು ಒಂದೂ ಬಿಡದೆ ಬರೆಯಿತು, ವರದಿ ಎಲ್ಲರ ಕೈಗೆ ಸಿಕ್ಕಿತು. ಮ್ಯಾಡ್ರಿಡ್‌ನ ಮೂರು ದಿನಗಳನ್ನು ಇದರ ಪಕ್ಕ ಇಟ್ಟು ನೋಡಿ.

ಇನ್ನು ಪೆರುವಿಗೆ ವಾಪಸ್ ಬರೋಣ. 1992ರ ಏಪ್ರಿಲ್ 5ರಂದು ಅಧ್ಯಕ್ಷ ಆಲ್ಬರ್ಟೊ ಫುಜಿಮೊರಿ ಸಂಸತ್ತನ್ನು ಮುಚ್ಚಿಸಿದರು, ನ್ಯಾಯಾಂಗದ ಮೇಲೆ ಕೈ ಹಾಕಿದರು. ಉಗ್ರರನ್ನು ಮಟ್ಟ ಹಾಕಲು ಇದು ಬೇಕೇ ಬೇಕು ಎಂದರು. ಭಯದಲ್ಲಿ ಬೇಸತ್ತಿದ್ದ ಬಹುಪಾಲು ಜನ ಒಪ್ಪಿಕೊಂಡರು. ಚುಸ್ಚಿಯಲ್ಲಿ ಒಂದು ಪೆಟ್ಟಿಗೆ ಸುಟ್ಟವರು ಹನ್ನೆರಡು ವರ್ಷದಲ್ಲಿ ಸಂಸತ್ತೇ ಮುಚ್ಚುವಂತೆ ಮಾಡಿದ್ದರು.

ಅದೇ ವರ್ಷ ಸೆಪ್ಟೆಂಬರ್ 12ರಂದು ಶೈನಿಂಗ್ ಪಾತ್ ನಾಯಕ ಅಬಿಮಾಯೆಲ್ ಗುಸ್ಮಾನ್ ಸಿಕ್ಕಿಬಿದ್ದ. ಹಿಡಿದದ್ದು ಪೊಲೀಸರ ಒಂದು ಸಣ್ಣ ಗುಪ್ತಚರ ತಂಡ. ಸಂಸತ್ತು ಮುಚ್ಚುವ ಎರಡು ವರ್ಷ ಮೊದಲೇ, ಹಿಂದಿನ ಸರ್ಕಾರದ ಕಾಲದಲ್ಲಿ ಶುರುವಾಗಿದ್ದ ತಂಡ ಅದು. ಲಿಮಾದ ಸುರ್ಕಿಯೊ ಬಡಾವಣೆಯಲ್ಲಿ ಒಬ್ಬ ನೃತ್ಯ ಶಿಕ್ಷಕಿಯ ಮನೆ ಮೇಲೆ ಅವರು ಕಣ್ಣಿಟ್ಟಿದ್ದರು. ಆ ಮನೆಯವರು ಹೊರಗಿಟ್ಟ ಕಸವನ್ನು ತಂದು ಬಿಡಿಸಿ ನೋಡುತ್ತಿದ್ದರು. ಗುಸ್ಮಾನ್ ಸೇದುತ್ತಿದ್ದ ಬ್ರ್ಯಾಂಡಿನ ಸಿಗರೇಟು ತುಂಡುಗಳು ಸಿಕ್ಕಿದವು. ಅವನಿಗೆ ಇದ್ದ ಸೋರಿಯಾಸಿಸ್ ಚರ್ಮರೋಗಕ್ಕೆ ಹಚ್ಚುವ ಮುಲಾಮಿನ ಖಾಲಿ ಟ್ಯೂಬುಗಳು ಸಿಕ್ಕಿದವು. ಪೊಲೀಸರು ಒಳಗೆ ಹೋದಾಗ ಆತ ಮಹಡಿ ಮೇಲಿದ್ದ. ಒಬ್ಬರೂ ಸಾಯಲಿಲ್ಲ.